ಎಪ್ಪತ್ತೆರಡಕ್ಕಿಂತ ಕಡಿಮೆ ಬಡಿಯುವಂತಿಲ್ಲ

ಕ್ರೀಡಾ ಮಹಾವಿದ್ಯಾಲಯದ ವಿದ್ಯಾರ್ಥಿಗಳ ಹೃದಯವು ವಿಶ್ರಾಂತಿಯ ಸಮಯದಲ್ಲಿ ನಿಮಿಷಕ್ಕೆ ಎಪ್ಪತ್ತೆರಡಕ್ಕಿಂತ ಕಡಿಮೆ ಬಾರಿ ಬಡಿಯುವುದು ಅಶಿಸ್ತು ಎಂದು ಆಡಳಿತ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಯಾರೂ ವಿರೋಧ ವ್ಯಕ್ತಪಡಿಸಲಿಲ್ಲ. ವಿರೋಧಿಸಬಹುದಾಗಿದ್ದ ಒಬ್ಬರನ್ನು ಸಭೆಗೆ ಕರೆದಿರಲಿಲ್ಲ.

ಆ ಒಬ್ಬರು ಉಸಿರು ಮೇಷ್ಟ್ರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಸಂಬಳ ಕೊಡುವ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಓಡುವವರಿಗೆ, ಈಜುವವರಿಗೆ, ಕುಸ್ತಿ ಹಿಡಿಯುವವರಿಗೆ ಹೃದಯ ಮತ್ತು ಶ್ವಾಸಕೋಶ ಹೇಗೆ ಕೆಲಸ ಮಾಡುತ್ತವೆಂದು ಹೇಳಿಕೊಡುವುದು ಅವರ ಉದ್ಯೋಗ. ಅದನ್ನು ಅವರ ಹಾಗೆ ಹೇಳಿಕೊಡುವವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. "ಈಗ ಎಲ್ಲರೂ ಉಸಿರು ಎಳ್ಕೊಳ್ಳಿ" ಎಂದು ಅವರು ಹೇಳಿದರೆ ತರಗತಿಯ ಕಿಟಕಿಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. "ಬಿಡಿ" ಎಂದರೆ ಎದುರು ಬೀದಿಯ ಟೈಲರ್ ಅಂಗಡಿಯಲ್ಲಿ ತೂಗುಹಾಕಿದ ಅಂಗಿಗಳೆಲ್ಲ ತೋಳು ಬೀಸುತ್ತಿದ್ದವು. ಟೈಲರ್ ಕೆಂಡ ಊದಿಕೊಳ್ಳುವ ಕಷ್ಟವನ್ನೇ ಬಿಟ್ಟು, ಮೇಷ್ಟ್ರ ಪಾಠದ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದು ಬಾಗಿಲಲ್ಲಿ ಇಡುತ್ತಿದ್ದ.

ಮೇಷ್ಟ್ರ ತಂಗಿಯ ಮಗಳು ಅದೇ ಕಾಲೇಜಿನಲ್ಲಿ ದೂರದ ಓಟದವಳು. ಹಾಸ್ಟೆಲ್ಲಿನವರು ಅವಳನ್ನು ತಣ್ಣೀರು ಎಂದು ಕರೆಯುತ್ತಿದ್ದರು. ಒಮ್ಮೆ ಅವಳು ಮಲಗಿದ್ದಾಗ ಚಾವಣಿಯ ಗಾರೆ ಕಿತ್ತು ಪಕ್ಕದಲ್ಲೇ ದೊಪ್ಪೆಂದು ಬಿತ್ತು. ಅವಳು ಕಣ್ಣು ಬಿಟ್ಟು ಮೇಲೆ ನೋಡಿದಳು, ಇನ್ನೆಷ್ಟು ಬೀಳುವುದಿದೆ ಎಂದು ಅಂದಾಜು ಮಾಡಿ ದಿಂಬನ್ನು ಮೊಳದಷ್ಟು ಸರಿಸಿ ಮತ್ತೆ ಮಲಗಿದಳು. ಆಸೆ ಎಂದು ಅವಳಿಗೆ ಇದ್ದದ್ದು ಒಂದೇ. ಅಂತರ ಕಾಲೇಜು ಓಟದಲ್ಲಿ ಗೆಲ್ಲಬೇಕು, ಗೆದ್ದವರನ್ನು ಸೇರಿಸಿಕೊಳ್ಳುವ ದೊಡ್ಡ ತರಬೇತಿ ಶಿಬಿರಕ್ಕೆ ಹೋಗಬೇಕು. ಅವಳು ಅದನ್ನು ಯಾರಿಗೂ ಹೇಳಿಕೊಂಡು ತಿರುಗುತ್ತಿರಲಿಲ್ಲ; ಓಡುತ್ತಿದ್ದಳು, ಅಷ್ಟೆ. ಮೇಷ್ಟ್ರು ಮಾತ್ರ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಎಲ್ಲಕ್ಕೂ ಮೂಲ ಒಂದು ಪಾಠ. ಕಾಲೇಜಿನ ಹಳೆಯ ಕಟ್ಟಡದಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಹೃದಯಕ್ಕೂ ಹಾಗೇ ಇರುವುದು. ಇಂಥ ಅನುಕೂಲವನ್ನು ಕೈಬಿಡುವ ಜಾಯಮಾನ ಮೇಷ್ಟ್ರದ್ದಲ್ಲ. ವಿದ್ಯಾರ್ಥಿಗಳನ್ನೆಲ್ಲ ರಕ್ತವೆಂದು ಘೋಷಿಸಿ, ಹೆಗಲಿಗೆ ನೀಲಿ ಟವೆಲ್ ಹಾಕಿ, ಮೈದಾನದಿಂದ ಮೇಲಿನ ಬಲಗೋಣೆಗೆ ಹತ್ತಿಸಿದರು. ಅಲ್ಲಿಂದ ಕೆಳಗಿನ ಬಲಗೋಣೆಗೆ ಇಳಿಯಬೇಕು. ಅಲ್ಲಿಂದ ಹಿಂಬದಿಯ ಮೆಟ್ಟಿಲು ಹತ್ತಿ ತಾರಸಿಗೆ ಹೋಗಬೇಕು. ತಾರಸಿಯೇ ಶ್ವಾಸಕೋಶ. ಅಲ್ಲಿ ಚೆನ್ನಾಗಿ ಗಾಳಿ ಕುಡಿದು, ನೀಲಿ ಟವೆಲ್ ಕೊಟ್ಟು ಕೆಂಪು ಟವೆಲ್ ತೆಗೆದುಕೊಂಡು, ಮೇಲಿನ ಎಡಗೋಣೆ, ಕೆಳಗಿನ ಎಡಗೋಣೆ ದಾಟಿ ಜೋರಾಗಿ ಮೈದಾನಕ್ಕೆ ನುಗ್ಗಬೇಕು. ರಕ್ತ ಹಿಂದಕ್ಕೆ ಹರಿಯದ ಹಾಗೆ ಹೃದಯದಲ್ಲಿ ಕವಾಟಗಳಿರುತ್ತವೆ. ಆ ಜಾಗದಲ್ಲಿ ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಕುಸ್ತಿ ಹುಡುಗನನ್ನು ನಿಲ್ಲಿಸಿದ್ದರು.

ಪ್ರಿನ್ಸಿಪಾಲರು ಯಾವುದೋ ಕಾಗದ ಹುಡುಕಿಕೊಂಡು ಮೇಲಿನ ಬಲಗೋಣೆಗೆ ಬಂದದ್ದು ಅದೇ ಹೊತ್ತಿಗೆ. ಪ್ರಿನ್ಸಿಪಾಲರು ಜೀವನದಲ್ಲಿ ಆಡಿದ ಏಕೈಕ ಆಟ ಕುರ್ಚಿ ಆಟ. ಅದರಲ್ಲೂ ಓಡುವ ಭಾಗವಲ್ಲ, ಕೂರುವ ಭಾಗ. ನೂಕುನುಗ್ಗಲಿನಲ್ಲಿ ಅವರು ಕೆಳಗಿನ ಬಲಗೋಣೆಗೆ ಇಳಿದುಬಿಟ್ಟರು. ಯಾರೋ ಭಕ್ತಿಯಿಂದ ಅವರ ಹೆಗಲಿಗೂ ನೀಲಿ ಟವೆಲ್ ಹಾಕಿದರು. ವಾಪಸು ಮೇಲೆ ಹೋಗಲು ತಿರುಗಿದರೆ ಬಾಗಿಲಲ್ಲಿ ಬಾಗಿಲಿನಷ್ಟೇ ಅಗಲದ ಹುಡುಗ.

"ಸ್ವಲ್ಪ ಸರಿಯಪ್ಪ."

"ಆಗಲ್ಲ ಸರ್. ನಾನು ಕವಾಟ. ಒಂದೇ ಕಡೆ ಬಿಡೋದು."

"ನಾನು ಪ್ರಿನ್ಸಿಪಾಲ್ ಕಣಯ್ಯ."

"ಹೊರಗಡೆ ಸರ್. ಇಲ್ಲಿ ನೀವು ರಕ್ತ. ಅದೂ ಕೆಟ್ಟ ರಕ್ತ, ಟವೆಲ್ ನೋಡ್ಕೊಳ್ಳಿ."

ಹೀಗಾಗಿ ಪ್ರಿನ್ಸಿಪಾಲರು ತಾರಸಿಗೆ ಹತ್ತಿ, ಶುದ್ಧರಾಗಿ, ಕೆಂಪು ಟವೆಲ್ಲಿನೊಡನೆ ಎಡಗೋಣೆಗಳನ್ನು ದಾಟಿ, ಹಿಂದಿನಿಂದ ಬಿದ್ದ ಒಂದು ಒತ್ತಡಕ್ಕೆ ಮೈದಾನದ ನಡುವೆ ಬಂದು ಕೂತರು. ಮೇಷ್ಟ್ರು ಚಪ್ಪಾಳೆ ತಟ್ಟಿ, "ನೋಡಿ ಮಕ್ಕಳೇ, ಸಾಹೇಬರು ಈಗ ಹೆಬ್ಬೆರಳಿನ ತುದಿ ತಲುಪಿದ್ರು" ಎಂದರು.

ಅಂದೇ ಸಂಜೆ ಆದೇಶ ಹೊರಟಿತು: "ಇನ್ನು ಮುಂದೆ ಹೃದಯವನ್ನು ಕುಳಿತಲ್ಲಿಯೇ ಬೋಧಿಸತಕ್ಕದ್ದು. ರಕ್ತ ಪರಿಚಲನೆಗೆ ಸಂಬಂಧಿಸಿದಂತೆ ಸಿಬ್ಬಂದಿಯನ್ನು ಬಳಸಿಕೊಳ್ಳತಕ್ಕದ್ದಲ್ಲ."

ಕುಳಿತಲ್ಲಿ ಮಾಡಬಹುದಾದ ಪಾಠ ನಾಡಿ ಎಣಿಸುವುದು. ಮೇಷ್ಟ್ರು ಎಲ್ಲರ ನಾಡಿ ಎಣಿಸಿದರು, ಎಲ್ಲರ ಉಸಿರನ್ನೂ ಅಳೆದರು, ಹಿಗ್ಗಿದರು, ಆ ಹಿಗ್ಗಿನಲ್ಲೇ ಸಂಖ್ಯೆಗಳನ್ನು ಆಫೀಸಿಗೆ ಕಳಿಸಿದರು. ಆಫೀಸಿನಲ್ಲಿ ಇದ್ದವರು ಸೂಪರಿಂಟೆಂಡೆಂಟರು.

ನಿಯಮ ಮಾಡುವುದರಲ್ಲಿ ಸೂಪರಿಂಟೆಂಡೆಂಟರ ಸಮಕ್ಕೆ ನಿಲ್ಲುವ ಗಂಡು ಹುಟ್ಟಿರಲಿಲ್ಲ. ಎತ್ತರ ಜಿಗಿತದವರು ಮೇಲಕ್ಕೆ ಹೋಗುವ ಮುನ್ನ ಅನುಮತಿ ಪಡೆಯತಕ್ಕದ್ದು, ಕೆಳಗೆ ಬರುವುದಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ ಎಂಬ ಉದಾರ ನಿಯಮ ಅವರದೇ. ಅವರು ಮೇಷ್ಟ್ರನ್ನು ಕರೆಸಿ ಕೂರಲು ಹೇಳದೆ ಕೇಳಿದರು.

"ಮೇಷ್ಟ್ರೇ, ಪುಸ್ತಕದಲ್ಲಿ ಬಡಿತ ಎಷ್ಟು ಅಂತಿದೆ?"

"ಸಾಮಾನ್ಯವಾಗಿ ಎಪ್ಪತ್ತೆರಡು ಅಂತಿದೆ ಸರ್."

"ನಿಮ್ಮ ಹುಡುಗರದ್ದು?"

"ಐವತ್ತು, ಐವತ್ತೈದು. ಚೆನ್ನಾಗಿ ತಯಾರಾದವರದ್ದು ಇನ್ನೂ ಕಡಿಮೆ."

"ಇವಳ್ಯಾರೋ ತಣ್ಣೀರಂತೆ, ನಲವತ್ತೆರಡು."

"ಅದು ಅದ್ಭುತ ಸರ್. ನಮ್ಮ ಮನೆ ಹುಡುಗಿ, ಹೇಳ್ಕೋಬಾರದು."

"ಎಪ್ಪತ್ತೆರಡು ಬರಬೇಕಾದ ಕಡೆ ನಲವತ್ತೆರಡು ಬಂದಿದೆ, ಅದ್ಭುತ ಅಂತೀರಲ್ರೀ."

"ಇದು ಅಂಕ ಅಲ್ಲ ಸರ್, ಬಡಿತ."

"ಈ ಟೇಬಲ್ಲಿಗೆ ಬಂದ ಮೇಲೆ ಎಲ್ಲಾ ಸಂಖ್ಯೇನೂ ಒಂದೇ. ಯಾವ ಮನೆತನದ್ದು ಅಂತ ನಾವು ಕೇಳಲ್ಲ."

ಮೇಷ್ಟ್ರು ತಾಳ್ಮೆಯಿಂದ ವಿವರಿಸಿದರು. "ನೋಡಿ ಸರ್, ಒಬ್ಬ ಚೊಂಬಲ್ಲಿ ನೀರು ಹೊರ್ತಾನೆ, ಇನ್ನೊಬ್ಬ ಕೊಡದಲ್ಲಿ ಹೊರ್ತಾನೆ. ತೊಟ್ಟಿ ತುಂಬೋಕೆ ಚೊಂಬಿನವನು ಓಡಾಡ್ತಾನೇ ಇರಬೇಕು. ಕೊಡದವನು ನಾಲ್ಕು ಸಲ ಹೋಗಿ ಬಂದರೆ ಆಯ್ತು. ಓಡಿ ಓಡಿ ಬಲಿತ ಹೃದಯ ಕೊಡ ಇದ್ದ ಹಾಗೆ. ಒಂದೇ ಬಡಿತಕ್ಕೆ ಬೇಕಾದಷ್ಟು ರಕ್ತ ದೂಡುತ್ತೆ."

"ಮಿಕ್ಕ ಹೊತ್ತು ಏನು ಮಾಡುತ್ತೆ?"

"ವಿಶ್ರಾಂತಿ ತಗೊಳ್ಳುತ್ತೆ."

"ಇದನ್ನೇ ನಾವು ಆಫೀಸಲ್ಲಿ ಸೋಮಾರಿತನ ಅನ್ನೋದು" ಎಂದರು ಸೂಪರಿಂಟೆಂಡೆಂಟರು. "ಮೇಷ್ಟ್ರೇ, ನನ್ನ ಹತ್ರ ಬಂದ ಕಾಗದಾನ ನಾನು ಒಂದೇ ಏಟಿಗೆ ಮುಗಿಸಿ ಕೈಕಟ್ಟಿ ಕೂತರೆ ಮೇಲಿನವರು ಏನಂತಾರೆ? ಈ ಕುರ್ಚಿಯೇ ಬೇಡ ಅಂತಾರೆ. ಅದಕ್ಕೇ ಒಂದು ಕಾಗದಾನ ಎಪ್ಪತ್ತೆರಡು ಸಲ ಮುಟ್ತೀನಿ. ಹೃದಯಕ್ಕೆ ಅಷ್ಟು ತಿಳುವಳಿಕೆ ಬೇಡ್ವಾ?"

"ಆದ್ರೂ ಸರ್..."

"ಆ ಮೂವತ್ತು ಬಡಿತ ಎಲ್ಲಿ ಹೋದ್ವು?"

"ಎಲ್ಲೂ ಹೋಗಿಲ್ಲ ಸರ್. ಆಗೇ ಇಲ್ಲ."

"ಆಗಬೇಕಾದ್ದು ಆಗಿಲ್ಲ ಅಂದ್ರೆ ಅದಕ್ಕೆ ವಿಚಾರಣೆ ಅಂತ ಹೆಸರು."

ವಿಚಾರಣಾ ಸಮಿತಿ ನೇಮಕವಾಯಿತು. ಪ್ರಿನ್ಸಿಪಾಲರೇ ಅಧ್ಯಕ್ಷರು. ಸಮಿತಿಯು ಮೊದಲು ತನ್ನ ಸ್ವಂತ ನಾಡಿಗಳನ್ನು ಪರೀಕ್ಷಿಸಿಕೊಂಡಿತು. ಕಾಲೇಜಿನ ನರ್ಸಮ್ಮ ಎಣಿಸಿದಾಗ ಸೂಪರಿಂಟೆಂಡೆಂಟರದ್ದು ತೊಂಬತ್ತನಾಲ್ಕು ಬಂತು. ಸಭೆ ಮೆಚ್ಚುಗೆ ಸೂಚಿಸಿತು. ಹೊಸಿಲು ದಾಟಿ ಬಂದು ಆಗಷ್ಟೇ ಕೂತಿದ್ದ ಪ್ರಿನ್ಸಿಪಾಲರದ್ದು ನೂರಾ ಎಂಟು. ನರ್ಸಮ್ಮ ಗಾಬರಿಯಿಂದ ಅವರ ಮುಖ ನೋಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೂತಲ್ಲೇ ಇಷ್ಟೊಂದು ದುಡಿಯುವ ಹೃದಯ ಕಾಲೇಜಿನಲ್ಲಿ ಇರುವಾಗ ಎಳೆಯರು ನಲವತ್ತು ಐವತ್ತಕ್ಕೆ ತೃಪ್ತರಾಗುವುದು ನಾಚಿಕೆಗೇಡು ಎಂದು ದಾಖಲಾಯಿತು. ಸಮಿತಿಯ ವರದಿ ಆಡಳಿತ ಮಂಡಳಿಗೆ ಹೋಗಿ, ಮಂಡಳಿ ಆಗಲೇ ಹೇಳಿದ ತೀರ್ಮಾನವನ್ನು ಮಾಡಿ, ಪ್ರಕಟಣೆ ಗೋಡೆಗೆ ಬಂತು:

"ಎಲ್ಲ ಕ್ರೀಡಾಪಟುಗಳ ಹೃದಯಗಳು ಕುಳಿತಿರುವಾಗ ನಿಮಿಷಕ್ಕೆ ಎಪ್ಪತ್ತೆರಡು ಬಾರಿ ಬಡಿಯತಕ್ಕದ್ದು. ಕೊರತೆಯುಳ್ಳವರನ್ನು ಯಾವುದೇ ಸ್ಪರ್ಧೆಗೆ ಕಳುಹಿಸಲಾಗುವುದಿಲ್ಲ. ಪರೀಕ್ಷೆಗೆ ಮುನ್ನ ಓಡುವುದು, ಮೆಟ್ಟಿಲು ಹತ್ತುವುದು ಮುಂತಾದ ಅಕ್ರಮಗಳಿಂದ ಬಡಿತ ಹೆಚ್ಚಿಸಿಕೊಂಡಲ್ಲಿ ನಕಲು ಎಂದು ಪರಿಗಣಿಸಲಾಗುವುದು. ಈಜುಗಾರರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಿರುವುದು ಸಹ ಗಮನಕ್ಕೆ ಬಂದಿದೆ. ಕಾಲೇಜಿನ ಆವರಣದಲ್ಲಿ ಎಳೆದುಕೊಂಡ ಗಾಳಿಯನ್ನು ಮನೆಗೆ ಹೋಗುವ ಮುನ್ನ ಆವರಣದಲ್ಲಿಯೇ ಬಿಟ್ಟು ಹೋಗತಕ್ಕದ್ದು."

ಗಾಳಿಯ ವಿಷಯದಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ಈಜುಗಾರರು ಸಂಜೆ ಗೇಟಿನಲ್ಲಿ ಸಾಲಾಗಿ ನಿಂತು ಫೂ ಎಂದು ಬಿಟ್ಟು ಹೋಗುತ್ತಿದ್ದರು. ಗೇಟಿನ ಕಾವಲುಗಾರ ಪ್ರತಿಯೊಬ್ಬರ ಮುಖದ ಮುಂದೆ ಅಂಗೈ ಹಿಡಿದು ಖಾತ್ರಿ ಮಾಡಿಕೊಳ್ಳುತ್ತಿದ್ದ.

ತೊಂದರೆಯಾದದ್ದು ಬಡಿತದ ವಿಷಯದಲ್ಲಿ. ಹಿಂದುಳಿದವರಿಗಾಗಿ ಬಡಿತ ವೃದ್ಧಿ ತರಗತಿ ಆರಂಭವಾಯಿತು. ಯಾರು ಹೆಚ್ಚು ಓಡುತ್ತಾರೋ ಅವರದೇ ಬಡಿತ ಕಡಿಮೆ ಇರುವುದನ್ನು ಸಮಿತಿ ತನ್ನ ಸೂಕ್ಷ್ಮ ದೃಷ್ಟಿಯಿಂದ ಕಂಡುಹಿಡಿದಿತ್ತು. ಆದ್ದರಿಂದ ತರಗತಿಯಲ್ಲಿ ಓಟ ನಿಷೇಧ. ಮೈದಾನಕ್ಕೆ ಬೀಗ. ಬೆಳಿಗ್ಗೆ ಮಲಗುವುದು, ಮಧ್ಯಾಹ್ನ ಕರಿದ ತಿಂಡಿ, ಸಂಜೆ ಬೆಳಗಿನ ಪಾಠದ ಪುನರಾವರ್ತನೆ. ಗುಂಡು ಎಸೆಯುವ ಹುಡುಗ ಎಲ್ಲರಿಗಿಂತ ಮೊದಲು ಎಪ್ಪತ್ತೆರಡು ಮುಟ್ಟಿ ಹೆಸರು ಮಾಡಿದ. ಆಮೇಲೆ ಗುಂಡು ಎತ್ತಲು ಹೋದರೆ ಅದು ಮೇಲೇಳಲಿಲ್ಲ. ಅವನು ಅದನ್ನು ಕಾಲಲ್ಲಿ ಉರುಳಿಸಿದ. ಅದು ಎಲ್ಲಿ ನಿಂತಿತೋ ಅಲ್ಲಿಗೆ ಅಳತೆ ಹಿಡಿದರು. ಕುಸ್ತಿಯವರು ತಿಂದು ಮಲಗಿ ಒಬ್ಬೊಬ್ಬರಾಗಿ ಪಾಸಾದರು. ಮೈಯ ಸುತ್ತಳತೆಯೂ ಪಾಸಾಯಿತು.

ತಣ್ಣೀರು ಮಾತ್ರ ಕಾಲೇಜು ತೆರೆಯುವ ಮುಂಚೆ ಬೀದಿಯಲ್ಲಿ ಓಡಿ ಬರುತ್ತಿದ್ದಳು. ಅವಳ ಬಡಿತ ನಲವತ್ತೆರಡರಿಂದ ಕದಲಲಿಲ್ಲ. ಅವಳ ಮನೆಗೊಂದು ಕಾಗದ ಹೋಯಿತು. ತಂಗಿ ಮೇಷ್ಟ್ರಿಗೆ ಫೋನ್ ಮಾಡಿದಳು.

"ಅಣ್ಣಾ, ನನ್ನ ಮಗಳ ಹೃದಯ ಫೇಲಾಗಿದೆ ಅಂತ ಕಾಲೇಜಿಂದ ಬರೆದಿದ್ದಾರೆ."

"ಹೃದಯ ಅಲ್ಲಮ್ಮ, ಹೃದಯದ ಸಂಖ್ಯೆ."

"ಅಕ್ಕಪಕ್ಕದವರೆಲ್ಲ ಹಣ್ಣು ಹಿಡ್ಕೊಂಡು ನೋಡೋಕೆ ಬಂದಿದ್ದಾರೆ. ಅವಳು ಹಾಸ್ಟೆಲ್ಲಲ್ಲಿದ್ದಾಳೆ, ದಿನಾ ಓಡ್ತಿದ್ದಾಳೆ ಅಂದ್ರೆ ನಂಬ್ತಾ ಇಲ್ಲ. ನಾನೇ ಸಮಾಧಾನಕ್ಕೆ ಹೇಳ್ತಾ ಇದ್ದೀನಿ ಅಂದ್ಕೊಂಡು ಅಳ್ತಾ ಇದ್ದಾರೆ."

"ಅವಳ ಹೃದಯದಂಥ ಹೃದಯ ಈ ಸೀಮೇಲೇ ಇಲ್ಲ ಕಣೇ."

"ಇದ್ದು ಏನು ಬಂತು? ಓಟಕ್ಕೆ ಕಳಿಸ್ತಾರೋ ಇಲ್ವೋ ಅಷ್ಟು ಹೇಳು. ಅವಳು ಬಾಯಿಬಿಟ್ಟು ಏನೂ ಹೇಳಲ್ಲ, ನಿನಗೇ ಗೊತ್ತು. ರಾತ್ರಿ ಬೂಟು ಒರೆಸಿ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಾಳಂತೆ, ಹಾಸ್ಟೆಲ್ಲಿನವರು ಹೇಳಿದ್ರು."



ಓಟಗಾರರ ಹೆಸರು ಕಳಿಸಲು ಕೊನೆಯ ದಿನ ಬಂತು. ಬೆಳಿಗ್ಗೆ ನರ್ಸಮ್ಮನ ಕೋಣೆಯಲ್ಲಿ ತಣ್ಣೀರನ್ನು ಕುರ್ಚಿಯ ಮೇಲೆ ಕೂರಿಸಿದರು. ಓಡುವ ಹಾಗಿಲ್ಲ, ಹತ್ತುವ ಹಾಗಿಲ್ಲ. ಉಳಿದ ದಾರಿ ಹೆದರಿಸುವುದು. ಹೆದರಿಕೊಂಡರೆ ನಕಲಾಗುತ್ತದೆಂದು ಪ್ರಕಟಣೆಯಲ್ಲಿ ಇರಲಿಲ್ಲ.

ಕುಸ್ತಿ ಹುಡುಗರು ಹಿಂದಿನಿಂದ ಬಂದು ಒಟ್ಟಾಗಿ ಅರಚಿದರು. ಕಿಟಕಿಯ ಮೇಲಿದ್ದ ಪಾರಿವಾಳ ಊರು ಬಿಟ್ಟು ಹೋಯಿತು. ತಣ್ಣೀರು ತಿರುಗಿ, "ಹೇಳ್ರಣ್ಣ" ಎಂದಳು.

"ನಲವತ್ತೆರಡು" ಎಂದರು ನರ್ಸಮ್ಮ.

ಯಾರೋ ಸ್ಟೀಲ್ ತಟ್ಟೆಗಳ ಕಟ್ಟನ್ನು ಅವಳ ಬೆನ್ನ ಹಿಂದೆ ಎತ್ತಿ ಹಾಕಿದರು. ಅವಳು ಬಗ್ಗಿ ಒಂದೊಂದಾಗಿ ಆಯ್ದು ಜೋಡಿಸಿಕೊಟ್ಟಳು. ನಲವತ್ತೆರಡು. ಪ್ರಿನ್ಸಿಪಾಲರು ತಾವೇ ನೋಡಿಕೊಳ್ಳುವುದಾಗಿ ಬಂದು 'ಹೃದಯದ ಮಹತ್ವ' ಎಂಬ ವಿಷಯದ ಮೇಲೆ ಮಾತಾಡಿದರು. ಬಡಿತ ಮೂವತ್ತೊಂಬತ್ತಕ್ಕೆ ಇಳಿಯಿತು. ನರ್ಸಮ್ಮ ಎಣಿಸುತ್ತಾ ಎಣಿಸುತ್ತಾ ತೂಕಡಿಸಿದ್ದರಿಂದ ಇನ್ನೂ ಇಳಿದಿರಬಹುದು.

ಮೇಷ್ಟ್ರು ಅವಳ ಕಿವಿಯ ಹತ್ತಿರ ಬಗ್ಗಿದರು. "ಪುಟ್ಟಿ, ಸ್ವಲ್ಪ ಭಯ ಪಡೇ."

"ಯಾತಕ್ಕೆ ಮಾಮ?"

"ಓಟಕ್ಕೆ ಹೋಗೋದು ಬೇಡ್ವಾ?"

"ಬೇಕು. ಅದೊಂದೇ ಬೇಕು." ಅವಳು ಸ್ವಲ್ಪ ಯೋಚಿಸಿದಳು. "ಆದ್ರೆ ಭಯ ಬರಬೇಕಲ್ಲ ಮಾಮ. ಸುಮ್ಸುಮ್ನೆ ಹೇಗೆ ಪಡೋದು?"

ಫೇಲಾಯಿತು. ಫೇಲಾದವರು ಮರುಬಡಿತಕ್ಕೆ ಅರ್ಜಿ ಹಾಕಬಹುದೆಂದು ನಿಯಮದಲ್ಲಿ ಅವಕಾಶವಿತ್ತು. ಮೇಷ್ಟ್ರು ಅವಳ ಕೈ ಹಿಡಿದುಕೊಂಡೇ ಆಫೀಸಿನ ಕೌಂಟರಿಗೆ ಹೋದರು. ಕೈ ಹಿಡಿದರೆ ಅವರ ಬೆರಳು ತಾನಾಗಿ ನಾಡಿಯ ಮೇಲೆ ಹೋಗುತ್ತಿತ್ತು, ಅಭ್ಯಾಸ. ಕಂಬಿ ಹಾಕಿದ ಪುಟ್ಟ ಕಿಟಕಿಯ ಹಿಂದೆ ಸೂಪರಿಂಟೆಂಡೆಂಟರು ಕೂತಿದ್ದರು.

"ಸರ್, ಮರುಬಡಿತಕ್ಕೆ ಅರ್ಜಿ" ಎಂದಳು ತಣ್ಣೀರು.

"ಮೊದಲನೇ ಬಡಿತ ಫೇಲಾಗಿದೆ ಅನ್ನೋದಕ್ಕೆ ದೃಢೀಕರಣ ಎಲ್ಲಿ?"

"ಅದನ್ನ ಯಾರು ಕೊಡ್ತಾರೆ ಸರ್?"

"ನಾನೇ."

"ಕೊಡಿ ಸರ್."

"ಅದಕ್ಕೊಂದು ಅರ್ಜಿ ಬೇಕು."

"ಯಾರಿಗೆ ಬರೀಬೇಕು?"

"ನನಗೇ. ಆದ್ರೆ ಇಲ್ಲಲ್ಲ, ಪಕ್ಕದ ಕಿಟಕೀಲಿ ಕೊಡಬೇಕು."

ಅವಳು ಬರೆದುಕೊಂಡು ಪಕ್ಕದ ಕಿಟಕಿಗೆ ಹೋದಳು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಸೂಪರಿಂಟೆಂಡೆಂಟರು ಎದ್ದು ಬಂದು ಈ ಕಿಟಕಿಯ ಹಿಂದೆ ಕೂತು, ಅವಳನ್ನು ಹುಟ್ಟಿದ ಮೇಲೆ ನೋಡೇ ಇಲ್ಲದವರಂತೆ ನೋಡಿದರು.

"ಏನಮ್ಮ?"

"ದೃಢೀಕರಣಕ್ಕೆ ಅರ್ಜಿ ಸರ್. ಆ ಕಿಟಕೀಲಿ ಕಳಿಸಿದ್ರು."

"ಆ ಕಿಟಕಿಯವರು ಹಾಗೆಲ್ಲ ಕಳಿಸಬಾರದು. ಅವರು ಒಪ್ಪಿದ್ದಾರೆ ಅನ್ನೋದಕ್ಕೆ ಏನಾದ್ರೂ ಬರೆದು ಕೊಟ್ರಾ?"

"ಅದು ನೀವೇ ಅಲ್ವಾ ಸರ್?"

"ಇರಬಹುದು. ಆದ್ರೆ ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ. ಯಾರನ್ನ ಅಂತ ನಂಬೋದು?"

ಮೇಷ್ಟ್ರ ಬೆರಳಿನ ಕೆಳಗೆ ಏನೋ ಆಯಿತು. ಅವರು ಎಣಿಸಿದರು. ಐವತ್ತು. ಅವಳು ಮೊದಲ ಕಿಟಕಿಗೆ ಹೋದಳು. ಒಳಗೆ ಮತ್ತೆ ಕುರ್ಚಿ ಎಳೆದ ಸದ್ದು.

"ಇವತ್ತು ಓಟಕ್ಕೆ ಹೆಸರು ಕಳಿಸೋ ಕೊನೇ ದಿನ ಸರ್."

"ಗೊತ್ತಮ್ಮ. ಅದಕ್ಕೇ ಇವತ್ತು ಬೇಗ ಮುಚ್ತಿದೀವಿ. ಕೊನೇ ದಿನ ಜನ ಜಾಸ್ತಿ ಬರ್ತಾರೆ."

ಅರವತ್ತೊಂದು.

"ಸರ್, ಒಂದು ಸಹಿ ಅಷ್ಟೇ."

"ಸಹಿ ಇದೆ. ಪೆನ್ನೂ ಇದೆ. ಹಾಕೋ ಹೊತ್ತು ಇದಲ್ಲ. ನಾಳೆ ಬಾ."

"ನಾಳೆ ಬಂದು ಏನು ಮಾಡ್ಲಿ ಸರ್?"

"ಕೊನೇ ದಿನ ಮುಗಿದು ಹೋಗಿದೆ ಅಂತ ನಾಳೆ ಒಂದು ಹಿಂಬರಹ ಕೊಡ್ತೀನಿ. ಅದನ್ನ ಜೋಪಾನವಾಗಿ ಇಟ್ಕೊಂಡ್ರೆ ಮುಂದಿನ ವರ್ಷಕ್ಕೆ ಬೇಕಾಗುತ್ತೆ."

ತಣ್ಣೀರಿನ ಕಿವಿ ಕೆಂಪಾಯಿತು. ಹಾಸ್ಟೆಲ್ಲಿನ ಚರಿತ್ರೆಯಲ್ಲೇ ಯಾರೂ ಕಂಡಿರದ ದೃಶ್ಯ. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಂಬಿ ಸ್ವಲ್ಪ ಬಗ್ಗಿತು ಎಂದು ನೋಡಿದವರು ಈಗಲೂ ಹೇಳುತ್ತಾರೆ. ಮೇಷ್ಟ್ರು ಅವಳ ಮಣಿಕಟ್ಟನ್ನು ಬಿಡದೆ, "ನರ್ಸಮ್ಮಾ, ಬೇಗ ಬನ್ನಿ, ಎಣಿಸಿ, ಎಣಿಸಿ" ಎಂದು ಕೂಗಿದರು.

ನರ್ಸಮ್ಮ ಓಡಿ ಬಂದು ಎಣಿಸಿದರು. ನೂರಾ ಹದಿನೆಂಟು.

ಪ್ರಿನ್ಸಿಪಾಲರ ದಾಖಲೆಯೇ ಮುರಿದಿತ್ತು. ನಿಯಮದಲ್ಲಿ ಕುಳಿತಿರಬೇಕೆಂದು ಇದೆಯಲ್ಲ ಎಂದು ಯಾರೋ ಆಕ್ಷೇಪ ಎತ್ತಿದರು. ಕೌಂಟರಿನ ಮುಂದೆ ನಿಲ್ಲುವುದನ್ನು ಯಾವ ಕಾರಣಕ್ಕೂ ಕೆಲಸವೆಂದು ಪರಿಗಣಿಸತಕ್ಕದ್ದಲ್ಲ ಎಂಬ ಹಳೆಯ ನಿಯಮವನ್ನು ಸೂಪರಿಂಟೆಂಡೆಂಟರೇ ನೆನಪಿಸಿ, ಅಲ್ಲಿ ನಿಂತರೂ ಕೂತ ಲೆಕ್ಕವೇ ಎಂದರು. ಅವರ ಮುಖದಲ್ಲಿ ಒಂದು ಬಗೆಯ ತೇಜಸ್ಸು ಬಂದಿತ್ತು. ಕರಿದ ತಿಂಡಿಯಿಂದ ಆಗದ್ದು, ಕುಸ್ತಿಯವರ ಕೂಗಿನಿಂದ ಆಗದ್ದು ತಮ್ಮ ಕಿಟಕಿಯಿಂದ ಆಗಿದೆ.

"ಇಷ್ಟು ವರ್ಷ ನಾನು ಜನಕ್ಕೆ ತೊಂದರೆ ಕೊಡ್ತಿದೀನಿ ಅಂದ್ಕೊಂಡಿದ್ದೆ ಮೇಷ್ಟ್ರೇ" ಎಂದರು, ಸಹಿ ಹಾಕುತ್ತಾ. "ವ್ಯಾಯಾಮ ಮಾಡಿಸ್ತಿದ್ದೆ ಅಂತ ಇವತ್ತು ಗೊತ್ತಾಯ್ತು."

ತಣ್ಣೀರು ಓಟಕ್ಕೆ ಹೋದಳು. ಆ ಓಟದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ಯಾಕೆಂದರೆ ನೋಡಿದವರು ಕಡಿಮೆ. ಎಲ್ಲರೂ ಓಟ ನೋಡಲು ಕುತ್ತಿಗೆ ತಿರುಗಿಸುವಷ್ಟರಲ್ಲಿ ಅವಳು ಮುಗಿಸಿ, ನೀರು ಕುಡಿದು, ಬೂಟಿನ ದಾರ ಬಿಚ್ಚುತ್ತಿದ್ದಳು. ಎರಡನೆಯವಳು ಬಂದಾಗ ಇವಳೇ ಎದ್ದು ಹೋಗಿ, "ಇನ್ನು ಸ್ವಲ್ಪವೇ ಇದೆ, ಬಾ" ಎಂದು ಧೈರ್ಯ ಹೇಳಿದಳಂತೆ. ಅಲ್ಲಿದ್ದ ವೈದ್ಯರು ಅವಳ ನಾಡಿ ನೋಡಿ, ಅದು ಅಷ್ಟು ಬೇಗ ತಣ್ಣಗಾದದ್ದನ್ನು ನೋಡಿ, ನಿಮ್ಮನ್ನು ತಯಾರು ಮಾಡಿದವರು ಯಾರು ಎಂದು ಕೇಳಿದರು. ಅವಳು ಮಾಮನ ಹೆಸರು ಹೇಳಿದಳು. ಸಂಬಳದ ದಿನವಲ್ಲವಾಗಿ ಆ ಹೆಸರು ಯಾರದೆಂದು ಕಾಲೇಜಿನಲ್ಲಿ ಯಾರಿಗೂ ಹೊಳೆಯದೆ, ವೈದ್ಯರ ಅಭಿನಂದನೆಯ ಕಾಗದ ಆಫೀಸಿಗೆ ಬಂದು ಸೂಪರಿಂಟೆಂಡೆಂಟರ ಮೇಜಿನಲ್ಲಿ ಉಳಿಯಿತು.

ಕಾಲೇಜು ವಿಜಯದ ಕಾರಣವನ್ನು ಕೂಲಂಕಷವಾಗಿ ಪರಿಶೀಲಿಸಿತು. ಹುಡುಗಿ ಮೊದಲೂ ಓಡುತ್ತಿದ್ದಳು. ಹೊಸದಾಗಿ ಆದದ್ದು ಕೌಂಟರ್ ಒಂದೇ. ಹಾಗಾಗಿ ಸೂಪರಿಂಟೆಂಡೆಂಟರನ್ನು ಹೆಚ್ಚುವರಿಯಾಗಿ ಮುಖ್ಯ ಹೃದಯ ತರಬೇತುದಾರರನ್ನಾಗಿ ನೇಮಿಸಲಾಯಿತು. ಮೈದಾನದ ಬೀಗ ತೆಗೆದರು. ಅದರೊಳಗೆ ನಡುನಡುವೆ ಕಂಬಿ ಹಾಕಿದ ಕಿಟಕಿಗಳನ್ನು ನಿಲ್ಲಿಸಿದರು. ಎಲ್ಲ ಆಟದವರೂ ಬೆಳಿಗ್ಗೆ ಸಾಲಾಗಿ ಬಂದು, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಿ, ಇಲ್ಲದ ಕಾಗದ ಕೇಳಿಸಿಕೊಂಡು, ಬೆವೆತು ಮನೆಗೆ ಹೋಗುತ್ತಿದ್ದರು. ಉಸಿರು ಮೇಷ್ಟ್ರು ಮೊದಲಿಗೆ, "ಸಿಟ್ಟಿಗೆ ಹೃದಯ ಬಡಿಯೋದೇ ಬೇರೆ, ಓಟಕ್ಕೆ ಬಡಿಯೋದೇ ಬೇರೆ" ಎಂದು ನಾಲ್ಕು ಮಂದಿಗೆ ಹೇಳಿ ನೋಡಿದರು. ಹೇಳುತ್ತಾ ಹೇಳುತ್ತಾ ತಮ್ಮದೇ ನಾಡಿ ಎಂಬತ್ತಕ್ಕೆ ಏರಿದ್ದನ್ನು ನರ್ಸಮ್ಮ ಎಲ್ಲರಿಗೂ ತೋರಿಸಿದ ಮೇಲೆ ಸುಮ್ಮನಾದರು. ಅಲ್ಲದೆ ತಂಗಿಯ ಮಗಳು ಇನ್ನೂ ಶಿಬಿರಕ್ಕೆ ಹೋಗಬೇಕಾಗಿತ್ತು.

ಶಿಬಿರದವರು ಕರೆ ಕಳಿಸಿದರು. ಸಂಜೆಯ ಬಸ್ಸಿಗೆ ಹೊರಡಬೇಕು. ಆದರೆ ಎಪ್ಪತ್ತೆರಡರ ದೃಢೀಕರಣವಿಲ್ಲದೆ ಯಾರನ್ನೂ ಹೊರಗೆ ಕಳಿಸುವಂತಿರಲಿಲ್ಲ. ಹಳೆಯದು ಓಟಕ್ಕೆ ಮಾತ್ರ ಸಲ್ಲುತ್ತಿತ್ತು. ಮೇಷ್ಟ್ರು ಹುಡುಗಿಯನ್ನು ಕರೆದುಕೊಂಡು ಕೌಂಟರಿಗೆ ಬಂದರು. ತಂಗಿಯೂ ಚೀಲ ಹಿಡಿದು ಜೊತೆಗಿದ್ದಳು. ಹಿಂದೆ ಕುಸ್ತಿಯವರೂ ಈಜುಗಾರರೂ ಸಾಲಿನಲ್ಲಿದ್ದರು.

ಕಿಟಕಿ ತೆರೆದೇ ಇತ್ತು. ಸೂಪರಿಂಟೆಂಡೆಂಟರು ಎದ್ದು ನಿಂತು ನಕ್ಕರು.

"ಬಾಮ್ಮ, ಬಾ. ಒಳಗೇ ಬಾ. ನಿನ್ನ ಕೆಲಸ ಆಗಿಬಿಟ್ಟಿದೆ. ನಿನ್ನೇನೇ ಎಲ್ಲಾ ಬರೆದು ಸಹಿ ಹಾಕಿ ಇಟ್ಟಿದ್ದೀನಿ. ನಮ್ಮ ಕಾಲೇಜಿನ ಹೆಮ್ಮೆ ನೀನು, ನಿನ್ನನ್ನ ಕಾಯಿಸ್ತೀನಾ? ಟೀ ಕುಡೀತೀಯಾ?"

ನರ್ಸಮ್ಮ ನಾಡಿ ಹಿಡಿದರು. ಮುಖ ಸಣ್ಣಗಾಯಿತು. "ನಲವತ್ತೆರಡು."

ಸೂಪರಿಂಟೆಂಡೆಂಟರ ನಗು ಇಳಿಯಿತು. ಅವರು ಕೈಯಲ್ಲಿದ್ದ ದೃಢೀಕರಣವನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಎಪ್ಪತ್ತೆರಡು ಅಂತ ಇದರಲ್ಲಿ ಬರೆದಿದ್ದೀನಿ. ಬಂದಿರೋದು ನಲವತ್ತೆರಡು. ಇದು ಸುಳ್ಳಾಯ್ತು."

"ನೀವು ಮೊದಲೇ ಸಹಿ ಹಾಕಿದ್ದಕ್ಕೇ ಹೀಗಾಯ್ತು ಸರ್" ಎಂದರು ಮೇಷ್ಟ್ರು.

"ಒಳ್ಳೇದು ಮಾಡೋಣ ಅಂತ ಹಾಕಿದೆ ಮೇಷ್ಟ್ರೇ. ಮೊದಲನೇ ಸಲ. ಅಭ್ಯಾಸ ಇರಲಿಲ್ಲ."

ಹೊರಗೆ ಬಸ್ ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿಸಿತು. ತಂಗಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಏನಾದ್ರೂ ಮಾಡಣ್ಣ" ಎಂದಳು. ಮೇಷ್ಟ್ರು ಹೃದಯದ ಬಗ್ಗೆ ತಾವು ಕಲಿತದ್ದನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದರು. ಕೊಡ, ಚೊಂಬು, ಕವಾಟ, ಯಾವುದೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಪಾಠ ಹೇಳುವ ದನಿ ತೆಗೆದರು.

"ಸರ್, ಆ ಕಾಗದ ಹರಿದು ಹಾಕಿ. ಕಿಟಕಿ ಅರ್ಧ ಮುಚ್ಚಿ. ಮೊದಲಿಂದ ಶುರು ಮಾಡೋಣ."

ಸೂಪರಿಂಟೆಂಡೆಂಟರು ಹರಿದರು. ಕಿಟಕಿಯ ಒಂದು ಬಾಗಿಲು ಎಳೆದುಕೊಂಡು, ಕನ್ನಡಕ ಇಳಿಸಿ, ಅವಳನ್ನು ಹುಟ್ಟಿದ ಮೇಲೆ ನೋಡೇ ಇಲ್ಲದವರಂತೆ ನೋಡಿದರು.

"ಯಾರು ನೀನು?"

"ಐವತ್ತು" ಎಂದರು ನರ್ಸಮ್ಮ.

"ಶಿಬಿರಕ್ಕೆ ಹೋಗೋಳು ಸರ್. ಬಸ್ಸು ಬಂದಿದೆ."

"ಬಸ್ಸು ಬಂದಿದೆ ಅನ್ನೋದಕ್ಕೆ ಬಸ್ಸಿನವರು ಬರೆದು ಕೊಟ್ಟಿದ್ದಾರಾ?"

"ಐವತ್ತೊಂಬತ್ತು."

"ಇನ್ನು ಸ್ವಲ್ಪ ಸರ್" ಎಂದರು ಮೇಷ್ಟ್ರು ಮೆಲ್ಲಗೆ. "ಸೀಲು ನಿಮ್ಮ ಹತ್ರಾನೇ ಇದೆ ಅಂತ ಮಾತ್ರ ಹೇಳಬೇಡಿ."

"ಸೀಲು ಬೀರುವಿನಲ್ಲಿದೆ. ಬೀರುವಿನ ಕೀಲಿ ಗುಮಾಸ್ತರ ಹತ್ರ ಇದೆ. ಗುಮಾಸ್ತರು ರಜೆ ಹಾಕಿದ್ದಾರೆ."

"ಯಾವತ್ತು ಬರ್ತಾರೆ ಸರ್?" ಎಂದಳು ಹುಡುಗಿ. ಕಿವಿ ಕೆಂಪಾಗಿತ್ತು.

"ಅವರ ರಜೆ ಮಂಜೂರಾದ ಮೇಲೆ ಹೇಳ್ತೀನಿ. ಮಂಜೂರು ಮಾಡೋಕೆ ಸೀಲು ಬೇಕು."

"ಎಪ್ಪತ್ತೆರಡು" ಎಂದರು ನರ್ಸಮ್ಮ. "ಎಪ್ಪತ್ತಾರು. ಸಾಕು ಸರ್, ಸಾಕು."

ಸೂಪರಿಂಟೆಂಡೆಂಟರು ಹೊಸ ದೃಢೀಕರಣ ಬರೆದು, ಜೇಬಿನಿಂದ ಸೀಲು ತೆಗೆದು ಒತ್ತಿದರು. ತಂಗಿ ಕಣ್ಣೊರೆಸಿಕೊಂಡು ಅವರಿಗೆ ಕೈ ಮುಗಿದಳು. ಹುಡುಗಿ ಚೀಲ ಕಸಿದುಕೊಂಡು ಬಸ್ಸಿನ ಕಡೆ ಓಡಿದಳು. ಬಾಗಿಲು ದಾಟುವಷ್ಟರಲ್ಲಿ ಅವಳ ಕಿವಿ ಮತ್ತೆ ಮೊದಲಿನ ಬಣ್ಣಕ್ಕೆ ಬಂದಿತ್ತು ಎನ್ನುತ್ತಾರೆ. ಮೇಷ್ಟ್ರು ಕಿಟಕಿಯೊಳಗೆ ಕೈ ಹಾಕಿ ಸೂಪರಿಂಟೆಂಡೆಂಟರ ಕೈ ಕುಲುಕಿದರು.

ಸಾಲಿನಲ್ಲಿ ಮುಂದೆ ಇದ್ದ ಈಜುಗಾರ ಒಂದು ಹೆಜ್ಜೆ ಮುಂದೆ ಬಂದು ಕಂಬಿ ಹಿಡಿದುಕೊಂಡ.

"ಸರ್, ನನಗೂ ಸಂಜೆ ಬಸ್ಸೇ. ದಯವಿಟ್ಟು ನಾಳೆ ಬಾ ಅನ್ನಿ."